ಆಗುಂಬೆ ಘಾಟಿಯಲ್ಲಿ ಅಂಬಾಸಿಡರ್ ಮತ್ತು ಫಿಯಟ್

ಅಪ್ಪಯ್ಯನದು ಬಾಡಿಗೆಗೆ ಓಡುತ್ತಿದ್ದ ಪೆಟ್ರೋಲ್ ಅಂಬಾಸಿಡರ್. ದೊಡ್ಡಪ್ಪನದು ಪ್ರೀಮಿಯರ್ ಪದ್ಮಿನಿ. ಪದ್ಮಿನಿ ಅನ್ನುವುದು ಆರ್‌ಸಿ ಪುಸ್ತಕದಲ್ಲಿ ಮಾತ್ರ. ತೀರ್ಥಹಳ್ಳಿಯಲ್ಲಿ ಎಲ್ಲರಿಗೂ ಅದು ಫಿಯಟ್ಟೇ. ನಾನು ಡ್ರೈವಿಂಗ್ ಕಲಿತದ್ದು ಎರಡರಲ್ಲೂ. ಯಾವುದು ಒಳ್ಳೆಯ ಗಾಡಿ ಅಂತ ಈಗಲೂ ಯಾರಾದರೂ ಕೇಳುತ್ತಾರೆ. ಎಷ್ಟು ಜನ ಕೂರುತ್ತಾರೆ ಅಂತ ನಾನು ಮೊದಲು ಕೇಳುತ್ತೇನೆ.

ಲೆಕ್ಕ ಹೀಗಿದೆ. ಅಂಬಾಸಿಡರ್ ಎಂಜಿನ್ 1489 ಸಿಸಿ, ಶಕ್ತಿ ಸುಮಾರು 50 ಬಿಎಚ್‌ಪಿ, ಅಂದರೆ ಕುದುರೆ ಶಕ್ತಿ. ಫಿಯಟ್ಟಿನದು 1089 ಸಿಸಿ, ಸುಮಾರು 40. ಆದರೆ ಅಂಬಾಸಿಡರ್ ತೂಕ 1100 ಕೆಜಿ ದಾಟುತ್ತದೆ, ಫಿಯಟ್ 900ರ ಆಸುಪಾಸು. ಭಾಗಿಸಿ ನೋಡಿ, ಎರಡಕ್ಕೂ ಟನ್ನಿಗೆ 45 ಬಿಎಚ್‌ಪಿ ಹತ್ತಿರ ಬರುತ್ತದೆ. ಖಾಲಿ ಇದ್ದಾಗ ಎರಡೂ ಸಮ. ಆರು ಜನ, ಅವರ ಚೀಲ ಎಲ್ಲ ಸೇರಿ 450 ಕೆಜಿ ಹೇರಿದರೆ ಅಂಬಾಸಿಡರ್‌ಗೆ 32 ಉಳಿಯುತ್ತದೆ, ಫಿಯಟ್ 30ಕ್ಕಿಂತ ಕೆಳಗಿಳಿಯುತ್ತದೆ.

ಈ ಎರಡು ಬಿಎಚ್‌ಪಿಯ ಬೆಲೆ ಗೊತ್ತಾಗುವುದು ಘಾಟಿಯ ಬುಡದ ಸೋಮೇಶ್ವರದಿಂದ ಆಗುಂಬೆಗೆ ಹತ್ತುವಾಗ. ಹದಿನಾಲ್ಕು ಹೇರ್‌ಪಿನ್ ತಿರುವು. ಮಣಿಪಾಲದ ಆಸ್ಪತ್ರೆಯಿಂದ ರೋಗಿಯನ್ನು ಮನೆಗೆ ಕರೆತರುವ ಬಾಡಿಗೆ ಅಪ್ಪಯ್ಯನಿಗೆ ಆಗಾಗ ಸಿಗುತ್ತಿತ್ತು, ಜೊತೆಗೆ ಮನೆಯವರೆಲ್ಲ ಇರುತ್ತಿದ್ದರು. ಅಂಬಾಸಿಡರ್ ಹೆಚ್ಚಿನ ತಿರುವುಗಳನ್ನು ಎರಡನೇ ಗೇರಿನಲ್ಲೇ, ಉಸಿರು ಕಟ್ಟದೆ ಎಳೆಯುತ್ತಿತ್ತು. ಅದರ ಪಿಸ್ಟನ್ನಿನ ಸ್ಟ್ರೋಕ್, ಅಂದರೆ ಅದು ಮೇಲೆ ಕೆಳಗೆ ಓಡುವ ದೂರ, 88.9 ಮಿಮೀ; ಬೋರ್, ಅಂದರೆ ಸಿಲಿಂಡರಿನ ಅಗಲ, 73. ಉದ್ದ ಸ್ಟ್ರೋಕಿನ, ದೊಡ್ಡ ಎಂಜಿನ್ನು ನಿಧಾನ ತಿರುಗುವಾಗಲೇ ಬಲ ಕೊಡುತ್ತದೆ. ಫಿಯಟ್ಟಿನದು 68 ಬೋರ್, 75 ಸ್ಟ್ರೋಕ್. ಅದಕ್ಕೆ ಜೋರಾಗಿ ತಿರುಗಿದರೇ ಖುಷಿ. ಜನ ತುಂಬಿದ್ದರೆ ತಿರುವಿನಲ್ಲಿ ಒಂದನೇ ಗೇರಿಗೆ ಇಳಿಯಲೇಬೇಕು, ಅದಕ್ಕೆ ಗೇರು ಸಲೀಸಾಗಿ ಸೇರಿಸುವ ಸಿಂಕ್ರೊ ಇಲ್ಲ. ಡಬಲ್ ಕ್ಲಚ್ ಮಾಡಿ, ಅಂದರೆ ಎರಡು ಸಲ ಕ್ಲಚ್ ಒತ್ತಿ, ನಡುವೆ ನ್ಯೂಟ್ರಲ್‌ನಲ್ಲಿ ಒಂದು ಸಲ ಎಕ್ಸಲರೇಟರ್ ಕೊಟ್ಟು, ಸ್ಟೇರಿಂಗ್ ಪಕ್ಕದ ಗೇರ್ ಕಡ್ಡಿಯನ್ನು ಮೆತ್ತಗೆ ಸೇರಿಸಬೇಕು. ನನಗೆ ಇದು ಕೈಗೆ ಹತ್ತಲು ಒಂದು ಬೇಸಿಗೆ ಪೂರ್ತಿ ಬೇಕಾಯಿತು. ಮೊದಲ ಸಲ ಗೇರು ಸದ್ದಿಲ್ಲದೆ ಬಿದ್ದಾಗ ದೊಡ್ಡಪ್ಪ ಏನೂ ಹೇಳಲಿಲ್ಲ, ಕಿಟಕಿ ಮೇಲಿಟ್ಟ ಕೈಯಿಂದ ಬಾಗಿಲಿಗೆ ಎರಡು ಸಲ ತಟ್ಟಿದರು.

ಇಳಿಯುವಾಗ ಮಾತು ಬೇರೆ. ನಮ್ಮ ಎರಡೂ ಗಾಡಿಗೆ ನಾಲ್ಕು ಚಕ್ರಕ್ಕೂ ಡ್ರಮ್ ಬ್ರೇಕು. ತೂಕ ಕಡಿಮೆ ಇದ್ದ ಫಿಯಟ್ಟನ್ನು ನಿಲ್ಲಿಸುವುದು ಸುಲಭ, ಸ್ಟೇರಿಂಗ್ ಹಗುರ. ಅಗಲ ಸುಮಾರು 20 ಸೆಂಮೀ ಕಡಿಮೆ. ಎದುರಿಗೆ ಲಾರಿ ಬಂದಾಗ ಆ ಒಂದು ಗೇಣು ಜಾಗ ಜೀವ ಉಳಿಸುವಂಥದ್ದು. ಪೆಟ್ರೋಲೂ ಕಡಿಮೆ ಕುಡಿಯುತ್ತಿತ್ತು.

ಹೊಂಡ ಬಿದ್ದ ರಸ್ತೆಗೆ ಮಾತ್ರ ಅಂಬಾಸಿಡರ್. 15 ಇಂಚಿನ ಚಕ್ರ, ಮುಂದೆ ತಿರುಚಿಕೊಂಡು ಸ್ಪ್ರಿಂಗಿನಂತೆ ಕೆಲಸ ಮಾಡುವ ಟಾರ್ಷನ್ ಬಾರ್, ಹಿಂದೆ ಕಮಾನ್ ಪ್ಲೇಟು. ಹಿಂದಿನ ಸೀಟಿನಲ್ಲಿ ಹೊಲಿಗೆ ಹಾಕಿಸಿಕೊಂಡವರನ್ನು ಮಲಗಿಸಿ ತಂದರೂ ಅವರು ನರಳುತ್ತಿರಲಿಲ್ಲ. ಬಾಡಿಗೆಗೆ ಅಪ್ಪಯ್ಯ ಬೇರೆ ಕಾರು ಯೋಚಿಸದೇ ಇದ್ದದ್ದು ಇದಕ್ಕೇ.

ಆದರೂ ಓಡಿಸುವ ಸುಖಕ್ಕೆ ನನ್ನ ಆಯ್ಕೆ ಫಿಯಟ್. ಅಂಬಾಸಿಡರ್ ಮಾರಿಹೋಯಿತು. ಫಿಯಟ್ ಇನ್ನೂ ಅಡಿಕೆ ಚಪ್ಪರದ ಪಕ್ಕದ ಕೊಟ್ಟಿಗೆಯಲ್ಲಿದೆ. ಮಳೆಗಾಲ ಮುಗಿದ ಕೂಡಲೇ ಕಾರ್ಬ್ಯುರೇಟರ್ ಬಿಚ್ಚಿ ತೊಳೆಯಬೇಕು. ಆಮೇಲೆ ಘಾಟಿಗೆ, ಇಬ್ಬರೇ.