ಯಾವ ಪ್ರಾಣಿಗೆ ಯಾವ ರೈಫಲ್? ಸ್ವೀಡನ್ ಕಾಡಿನಿಂದ ಊರಿನವರಿಗೆ

ನಾನು ಇಲ್ಲಿ ಬೇಟೆ ಪರೀಕ್ಷೆ ಪಾಸಾಗಿದ್ದೇನೆ ಅಂತ ಗೊತ್ತಾದ ಮೇಲೆ ಕೊಡಗಿನ ನೆಂಟರೆಲ್ಲ ಕೇಳುವುದು ಒಂದೇ ಪ್ರಶ್ನೆ. "ಅಲ್ಲಿ ಯಾವ ಕೋವಿ? ಎಷ್ಟು ಪವರ್?" ಕೇಳುವುದು ಸಹಜವೇ. ಕೈಲ್ ಮುಹೂರ್ತಕ್ಕೆ ಕೋವಿಗೆ ಹೂವಿಟ್ಟು ಪೂಜೆ ಮಾಡುವ ಊರು ನಮ್ಮದು. ಆದರೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದ ಮೇಲೆ ನಮ್ಮ ಕೋವಿಗಳ ಗುರಿ ತೆಂಗಿನಕಾಯಿ ಮಾತ್ರ, ಅದು ಸರಿಯೂ ಹೌದು. ಹಾಗಾಗಿ ಯಾವ ಪ್ರಾಣಿಗೆ ಯಾವ ಗುಂಡು ಅನ್ನುವ ಮಾತು ಅಜ್ಜಂದಿರ ಜೊತೆಗೇ ಹೋಯಿತು. ಇಲ್ಲಿ ಶರತ್ಕಾಲ ಬಂತೆಂದರೆ ಆಫೀಸಿನ ಕಾಫಿ ಮೇಜಿನ ಸುತ್ತ ಅದೇ ಮಾತು.

ನಾನಿರುವುದು ಟ್ರೋಲ್‌ಹೆಟ್ಟಾನ್ ಊರಿನಲ್ಲಿ. ಹತ್ತಿರದಲ್ಲೇ ಹಾಲೆಬೆರಿ, ಹುನ್ನೆಬೆರಿ ಅಂತ ಎರಡು ಗುಡ್ಡಗಳಿವೆ. ಸ್ವೀಡನ್ನಿನ ರಾಜಮನೆತನ 1885ರಿಂದ ಮೂಸ್ ಬೇಟೆ ಆಡುತ್ತಾ ಬಂದ ಜಾಗ ಅದು. ಮೂಸ್ ಅಂದರೆ ನಮ್ಮ ಕಡವೆಗಿಂತಲೂ ದೊಡ್ಡ ಪ್ರಾಣಿ, ಬೆಳೆದ ಗಂಡು 400-500 ಕೆಜಿ ತೂಗಬಹುದು. ಇಷ್ಟು ದೊಡ್ಡ ಪ್ರಾಣಿಗೆ ಇನ್ನೆಂಥ ದೊಡ್ಡ ಕೋವಿ ಬೇಕೋ ಅಂತ ನೀವು ಅಂದುಕೊಳ್ಳುತ್ತೀರಿ. ಅಲ್ಲೇ ಇರುವುದು ವಿಷಯ.

ಸ್ವೀಡನ್ನಿನಲ್ಲಿ ಕ್ಯಾಲಿಬರನ್ನು, ಅಂದರೆ ಗುಂಡಿನ ಅಡ್ಡಳತೆಯನ್ನು, ನಮ್ಮಿಷ್ಟಕ್ಕೆ ಬಿಟ್ಟಿಲ್ಲ. ತೋಟಾಗಳನ್ನು ಕಾನೂನು ವರ್ಗಗಳಾಗಿ ವಿಂಗಡಿಸಿದೆ. ಮೂಸ್, ಕರಡಿ, ಕಾಡುಹಂದಿ, ದೊಡ್ಡ ಜಿಂಕೆಗಳಿಗೆ 1ನೇ ವರ್ಗ. ನಾನು ಪರೀಕ್ಷೆಗೆ ಓದಿದ ನಿಯಮ ಹೀಗಿದೆ: ಗುಂಡು ಕನಿಷ್ಠ 9 ಗ್ರಾಂ ತೂಗಬೇಕು, 100 ಮೀಟರ್ ದೂರದಲ್ಲಿ ಅದಕ್ಕೆ 2700 ಜೂಲ್ ಶಕ್ತಿ ಉಳಿದಿರಬೇಕು. ಗುಂಡು 10 ಗ್ರಾಂ ಅಥವಾ ಅದಕ್ಕಿಂತ ಜಾಸ್ತಿ ಇದ್ದರೆ 2000 ಜೂಲ್ ಸಾಕು. ನಳಿಗೆಯ ಬಾಯಲ್ಲಿ ಎಷ್ಟು ಶಕ್ತಿ ಇತ್ತು ಅನ್ನುವುದು ಇಲ್ಲಿ ಲೆಕ್ಕಕ್ಕಿಲ್ಲ, ಪ್ರಾಣಿ ನಿಂತ ಜಾಗದಲ್ಲಿ ಎಷ್ಟು ಉಳಿದಿದೆ ಅನ್ನುವುದೇ ಲೆಕ್ಕ. ನನಗೆ ಇದು ತುಂಬ ಹಿಡಿಸಿತು.

10 ಗ್ರಾಂ ಗುಂಡಿನ ಆ ಸಾಲಿನಿಂದಾಗಿ 6.5×55 (ಗುಂಡಿನ ಅಡ್ಡಳತೆ ಮತ್ತು ತೋಟಾದ ಕೊಳವೆಯ ಉದ್ದ, ಮಿಲಿಮೀಟರಿನಲ್ಲಿ) ಅನ್ನುವ ಹಳೇ ತೋಟಾ ಇನ್ನೂ ಮೂಸ್ ಬೇಟೆಯಲ್ಲಿ ಉಳಿದಿದೆ. ಸ್ವೀಡನ್ ಸೈನ್ಯ ತನ್ನ ಮೌಸರ್ ರೈಫಲ್‌ಗಳಿಗಾಗಿ 1894ರಲ್ಲಿ ಒಪ್ಪಿಕೊಂಡ ತೋಟಾ ಇದು. ಅಡ್ಡಳತೆ ನೋಡಿದರೆ ಸಣ್ಣದು. ಆದರೆ ಗುಂಡು ಉದ್ದ, 156 ಗ್ರೇನ್, ಅಂದರೆ ಸುಮಾರು 10.1 ಗ್ರಾಂ. ಸೆಕೆಂಡಿಗೆ 780 ಮೀಟರ್ ಆಸುಪಾಸಿನ ವೇಗದಲ್ಲಿ ಹೊರಡುತ್ತದೆ. ಈಗಿನ ಹೆಚ್ಚು ಪವರಿನ ಮ್ಯಾಗ್ನಮ್ ತೋಟಾಗಳ ಮುಂದೆ ಇದೇನೂ ಅಲ್ಲ ಅನಿಸಬಹುದು. ಆದರೂ ಉದ್ದದ ಗುಂಡು ನೇರವಾಗಿ, ಆಳವಾಗಿ ಒಳಗೆ ಹೋಗುತ್ತದೆ. ತಲೆಮಾರುಗಳಿಂದ ಇಲ್ಲಿನವರು ಮೂಸ್ ಹೊಡೆದು ಮನೆಗೆ ಮಾಂಸ ತಂದಿರುವುದು ಇದರಲ್ಲೇ.

ಇದಕ್ಕಿಂತ ಮೇಲೆ .308 ವಿಂಚೆಸ್ಟರ್, .30-06 ತೋಟಾಗಳಿವೆ (ಚುಕ್ಕಿಯಿಂದ ಶುರುವಾಗುವ ಅಡ್ಡಳತೆ ಇಂಚಿನ ಲೆಕ್ಕ). ಇನ್ನೂ ಮೇಲೆ 9.3×62. ಬರ್ಲಿನ್‌ನ ಒಟ್ಟೋ ಬಾಕ್ ಅನ್ನುವ ಕೋವಿ ತಯಾರಕ 1905ರ ಸುಮಾರಿಗೆ ಆಫ್ರಿಕಾದಲ್ಲಿದ್ದ ಜರ್ಮನ್ ರೈತರಿಗಾಗಿ ಮಾಡಿದ್ದು ಅದು. 285 ಗ್ರೇನಿನ ದಪ್ಪ ಗುಂಡು. ಉತ್ತರದ ಕಡೆ ಕರಡಿ ಬೇಟೆಗೆ ಹೋಗುವವರು ಇದನ್ನು ಇಷ್ಟಪಡುತ್ತಾರೆ, ಮೂಸ್‌ಗೆ ಬಳಸುವವರೂ ಬಹಳ. ಒಳ್ಳೆಯ ತೋಟಾ, ಅದರಲ್ಲಿ ಎರಡು ಮಾತಿಲ್ಲ. ಆದರೆ ಹೊಸಬರಿಗೆ ನಾನು ಇದನ್ನು ಹೇಳುವುದಿಲ್ಲ. ಚೆನ್ನಾಗಿ ಒದೆಯುತ್ತದೆ. ಭುಜಕ್ಕೆ ಬೀಳುವ ಒದೆತ ಮೈಗೆ ನೆನಪಿರುತ್ತದೆ. ಮುಂದಿನ ಸಲ ಕೋವಿಯ ಕುದುರೆ (ಟ್ರಿಗರ್) ಎಳೆಯುವ ಮೊದಲೇ ಕಣ್ಣು ಮುಚ್ಚುತ್ತದೆ, ಭುಜ ಬಿಗಿಯುತ್ತದೆ, ಗುಂಡು ಒಂದು ಗೇಣು ಹಿಂದಕ್ಕೆ ಹೋಗಿ ಹೊಟ್ಟೆಗೆ ಬೀಳುತ್ತದೆ. ಹೊಟ್ಟೆಗೆ ಬಿದ್ದ 9.3ಗಿಂತ ಶ್ವಾಸಕೋಶಕ್ಕೆ ಬಿದ್ದ 6.5 ಎಷ್ಟೋ ಮೇಲು. ನಾನು ಪವರ್ ವಿಚಾರ ಬಂದಾಗಲೆಲ್ಲ ಹೇಳುವುದು ಇಷ್ಟನ್ನೇ, ಮತ್ತೆ ಮತ್ತೆ ಹೇಳುತ್ತೇನೆ.

ಗುಂಡು ಯಾವ ಬಗೆಯದು ಅನ್ನುವುದಕ್ಕೆ ಊರಲ್ಲಿ ಯಾರೂ ಗಮನ ಕೊಡುವುದನ್ನು ನಾನು ನೋಡಿಲ್ಲ. ನಮ್ಮದು ಹನ್ನೆರಡು ಬೋರಿನ ಜೋಡುನಳಿಗೆ, ಚರೆ ಅಥವಾ ಗುಂಡು, ಅಷ್ಟರಲ್ಲಿ ಮಾತು ಮುಗಿಯಿತು ಅಲ್ವಾ? ರೈಫಲ್‌ನಲ್ಲಿ ಹಾಗಲ್ಲ. ಮೂಸ್‌ಗೆ ಬಳಸುವ ಗುಂಡು ಮೈಯೊಳಗೆ ಹೋದ ಕೂಡಲೇ ಮುಂಭಾಗ ಅಣಬೆಯ ಹಾಗೆ ಅರಳಬೇಕು, ಆದರೆ ಒಡೆದು ಚೂರಾಗಬಾರದು. ಬೇಗ ಒಡೆಯುವ ಗುಂಡು ದಪ್ಪ ಎಲುಬಿಗೆ ತಾಗಿ ಅಲ್ಲೇ ಪುಡಿಯಾಗುತ್ತದೆ, ಪ್ರಾಣಿ ನೋವಿನಲ್ಲಿ ಓಡುತ್ತದೆ. ಅರಳದ ಗುಂಡು ಸಣ್ಣ ತೂತು ಮಾಡಿ ಆಚೆ ಹೋಗುತ್ತದೆ, ಪ್ರಾಣಿ ದೂರ ಹೋಗಿ ಸಾಯುತ್ತದೆ. ಹಾಗಾಗಿ ಕ್ಯಾಲಿಬರ್ ಬಗ್ಗೆ ಒಂದು ಗಂಟೆ ಜಗಳ ಆಡುವವರು ಗುಂಡಿನ ಡಬ್ಬಿ ಆರಿಸಲು ಅದರ ಎರಡರಷ್ಟು ಹೊತ್ತು ಕೊಡಬೇಕು ಅಂತ ನನ್ನ ಅಭಿಪ್ರಾಯ.

ಅರಳದ ಗುಂಡಿಗೂ ಅದರದ್ದೇ ಜಾಗ ಇದೆ. ಚಳಿಗಾಲದಲ್ಲಿ ಹಿಮ ಬಿದ್ದಾಗ ಉತ್ತರದವರು ಸ್ಕೀ ಹಾಕಿಕೊಂಡು ಹೋಗಿ ಮರದ ತುದಿಯಲ್ಲಿ ಕೂತ ದೊಡ್ಡ ಕಾಡುಕೋಳಿಯನ್ನು ದೂರದಿಂದ ಹೊಡೆಯುತ್ತಾರೆ. ಅದೇ 6.5×55 ರೈಫಲ್, ಆದರೆ ಪೂರ್ತಿ ಲೋಹದ ಕವಚ ಇರುವ ಗುಂಡು. ಅರಳುವ ಗುಂಡಾದರೆ ಹಕ್ಕಿಯಲ್ಲಿ ತಿನ್ನಲು ಏನೂ ಉಳಿಯುವುದಿಲ್ಲ. ಮೂಸ್‌ಗೂ ಹಕ್ಕಿಗೂ ಒಂದೇ ರೈಫಲ್, ಬದಲಾಗಿದ್ದು ಗುಂಡು ಮಾತ್ರ. ಗುಂಡು ಮೇಲ್ಮುಖವಾಗಿ ಹೋಗುವುದರಿಂದ ಹಕ್ಕಿಯ ಹಿಂದೆ ಏನಿದೆ, ಎಷ್ಟು ದೂರದವರೆಗೆ ಏನಿದೆ ಅಂತ ಯೋಚಿಸದೆ ಇದನ್ನು ಯಾರೂ ಮಾಡಬಾರದು.

ರೋ ಜಿಂಕೆ ಚಿಕ್ಕದು, 20-30 ಕೆಜಿ. ಅದಕ್ಕೆ 2ನೇ ವರ್ಗ ಸಾಕು, 100 ಮೀಟರಲ್ಲಿ 800 ಜೂಲ್. .222 ರೆಮಿಂಗ್ಟನ್, .223 ಅಂಥವು. ವೇಗ ಜಾಸ್ತಿ ಇರುವ ಹಗುರ ಗುಂಡಿನಿಂದ ಭುಜದ ಮಾಂಸ ಹಾಳಾಗುತ್ತದೆ ಅಂತ ಹಲವರು ಇದಕ್ಕೂ ಮೂಸ್ ರೈಫಲನ್ನೇ ಒಯ್ಯುತ್ತಾರೆ. ನನಗೂ ಅದೇ ಸರಿ ಅನಿಸುತ್ತದೆ. ಮೊಲ, ನರಿಗೆ ಹನ್ನೆರಡು ಬೋರ್ ಇದ್ದೇ ಇದೆ.

ಕಾಡುಹಂದಿ ವಿಚಾರ ನಿಮಗೆ ಗೊತ್ತಿರುವಂಥದ್ದೇ. ಇಲ್ಲೂ ರೈತರ ಗದ್ದೆ ತೋಟ ಅಗೆದು ಹಾಕುತ್ತವೆ. ಬೇಲಿಯೊಳಗೆ ಸಾಕಿದ ಹಂದಿಗಳು ತಪ್ಪಿಸಿಕೊಂಡು ಕಾಡು ಸೇರಿ ಬೆಳೆದವು, 1987ರಲ್ಲಿ ಇಲ್ಲಿನ ಸಂಸತ್ತು ಅವನ್ನು ದೇಶದ ಪ್ರಾಣಿ ಅಂತ ಒಪ್ಪಿಕೊಂಡಿತು. ಗಂಡುಹಂದಿಯ ಭುಜದ ಮೇಲೆ ಗಟ್ಟಿ ಚರ್ಮದ ಪದರ ಇರುತ್ತದೆ, ಜೊತೆಗೆ ಬೇಟೆ ಹೆಚ್ಚಾಗಿ ಕತ್ತಲಲ್ಲಿ. ಇಲ್ಲಿ ಮಾತ್ರ ನಾನು .308 ಅಥವಾ ಮೇಲಿನದ್ದರ ಪರ.

ಇನ್ನೊಂದು ಮಾತು. ಭಾರದ ಗುಂಡು ಪೊದೆ ಸೀಳಿಕೊಂಡು ಹೋಗುತ್ತದೆ ಅಂತ ನಮ್ಮಲ್ಲೂ ಹೇಳುತ್ತಾರೆ, ಇಲ್ಲೂ ಹೇಳುತ್ತಾರೆ. ನಂಬಬೇಡಿ. ಕೊಂಬೆ ತಾಗಿದರೆ ಯಾವ ಗುಂಡೂ ದಾರಿ ತಪ್ಪುತ್ತದೆ. ಮರೆಯಲ್ಲಿದ್ದರೆ ಹೊಡೆಯಬಾರದು, ಅಷ್ಟೇ.

ಇಲ್ಲಿಯ ಒಂದು ನಿಯಮ ನನಗೆ ತುಂಬ ಇಷ್ಟ. ಮೂಸ್, ಹಂದಿ, ಜಿಂಕೆ ಬೇಟೆಗೆ ಹೋದರೆ, ಗಾಯಗೊಂಡ ಪ್ರಾಣಿಯ ಜಾಡು ಹಿಡಿಯಲು ತರಬೇತಾದ ನಾಯಿ ಎರಡು ಗಂಟೆಯೊಳಗೆ ಆ ಜಾಗಕ್ಕೆ ಬರುವಂತಿರಬೇಕು. ಹೊಡೆದವನ ಹೊಣೆ ಈಡು ಹಾರಿದ ಕೂಡಲೇ ಮುಗಿಯುವುದಿಲ್ಲ ಅಂತ ಕಾನೂನೇ ಹೇಳಿದೆ. ಪರೀಕ್ಷೆಯಲ್ಲಿ 80 ಮೀಟರ್ ದೂರದ ಮೂಸ್ ಚಿತ್ರಕ್ಕೆ ಗುರಿ ಇಡಿಸುವುದೂ ಇದೇ ಕಾರಣಕ್ಕೆ. ನಿಜವಾದ ಕಾಡಲ್ಲೂ ನಾನಿರುವ ಕಡೆ ಹೆಚ್ಚಿನ ಈಡು 100 ಮೀಟರ್ ಒಳಗೇ. 300 ಮೀಟರ್ ಹೊಡೆಯುವ ರೈಫಲ್ ಬೇಕು ಅಂತ ಹಣ ಸುರಿಯುವವರು ಆ ಹಣದಲ್ಲಿ ತೋಟಾ ತಂದು ಅಭ್ಯಾಸದ ಮೈದಾನಕ್ಕೆ ಹೋಗಲಿ.

ಈಚೆಗೆ ಬೆಂಗಳೂರಿನಿಂದ ಬಂದ ಹುಡುಗನೊಬ್ಬ ಪರೀಕ್ಷೆಗೆ ಓದುತ್ತಿದ್ದಾನೆ. ಯಾವುದು ತಗೊಳ್ಳಲಿ ಅಣ್ಣ ಅಂತ ಕೇಳಿದ. 6.5×55 ಅಥವಾ .308, ಬೋಲ್ಟ್ ರೈಫಲ್ (ಪ್ರತಿ ಈಡಿಗೂ ಕೈಯಿಂದ ಬೋಲ್ಟ್ ಎಳೆದು ತೋಟಾ ತುಂಬುವಂಥದ್ದು), ಹಳೇದಾದರೂ ಪರವಾಗಿಲ್ಲ ಅಂದೆ. ಹಳೇ ಹುಸ್ಕ್‌ವಾರ್ನಾ ಕಡಿಮೆ ಬೆಲೆಗೆ ಸಿಗುತ್ತದೆ, ಹೊಸದೇ ಬೇಕಾದರೆ ಫಿನ್‌ಲ್ಯಾಂಡಿನ ಟಿಕ್ಕಾ ಚೆನ್ನಾಗಿದೆ. ಆದರೆ ಮೊದಲು ಒಪ್ಪಿಗೆ ಮುದ್ರೆ ಇರುವ ಉಕ್ಕಿನ ಬೀರು ತಂದು ಕೂರಿಸು, ಆಮೇಲೆ ಪೊಲೀಸರಿಗೆ ಅರ್ಜಿ ಹಾಕು. ಒಂದೊಂದು ಕೋವಿಗೂ ಬೇರೆ ಬೇರೆ ಪರವಾನಗಿ. ಅದು ಬರುವವರೆಗೆ ಶೂಟಿಂಗ್ ಕ್ಲಬ್ಬಿಗೆ ಹೋಗಿ ಬೇರೆಯವರ ಎರಡು ಮೂರು ರೈಫಲ್‌ಗಳನ್ನು ಅವರ ಎದುರಲ್ಲೇ ಹಾರಿಸಿ ನೋಡು, ಯಾವುದು ನಿನ್ನ ಭುಜಕ್ಕೆ ಹೊಂದುತ್ತದೋ ಅದನ್ನೇ ತಗೋ ಅಂದೆ.