ಬೊನಿಫಾಸಿಯೊದ ಮಳೆನೀರು

ಫ್ರಾನ್ಸ್‌ನ ಕಾರ್ಸಿಕಾ ದ್ವೀಪದ ದಕ್ಷಿಣ ತುದಿಯ ಬೊನಿಫಾಸಿಯೊಗೆ ಬಂದಿದ್ದೇವೆ. ಬಿಳಿ ಸುಣ್ಣಕಲ್ಲಿನ ಕಡಿದಾದ ಬಂಡೆ, ಅದರ ಅಂಚಿಗೇ ಹಳೇ ಮನೆಗಳು. ಕೆಳಗೆ ಅಲೆಗಳು ಬಂಡೆಯನ್ನು ಕೊರೆದುಬಿಟ್ಟಿವೆ. ದೋಣಿಯಿಂದ ನೋಡಿದರೆ ಎದೆ ಝಲ್ಲೆನ್ನುತ್ತದೆ.

ನನಗೆ ಜಾಸ್ತಿ ಹಿಡಿಸಿದ್ದು ಇಲ್ಲಿನ ಇಕ್ಕಟ್ಟಾದ ಓಣಿಗಳು. ತಲೆಯ ಮೇಲೆ ಈ ಮನೆಯಿಂದ ಆ ಮನೆಗೆ ಕಲ್ಲಿನ ಕಮಾನುಗಳು. ಗೋಡೆಗೆ ಆಸರೆಯೂ ಹೌದು, ಮಾಡಿನ ಮಳೆನೀರನ್ನು ತೊಟ್ಟಿಗೆ ಸಾಗಿಸುವ ಕಾಲುವೆಯೂ ಹೌದು! ಸೇಂಟ್ ಮೇರಿ ಚರ್ಚಿನ ಮುಂದಿನ ಮಂಟಪದ ಅಡಿಯಲ್ಲೇ ಊರಿನ ದೊಡ್ಡ ತೊಟ್ಟಿ. ಸುತ್ತಲೂ ನೀರಿದ್ದರೂ ಕುಡಿಯೋಕೆ ಹೆಚ್ಚಾಗಿ ಆಕಾಶವನ್ನೇ ನಂಬಿ ಬದುಕಿದ ಜನ. ಆ ಕಮಾನುಗಳ ಕೆಳಗೆ ನಿಂತಾಗ ಅವರ ಬಗ್ಗೆ ತುಂಬಾ ಗೌರವ ಬಂತು.

ಬಂಡೆಯಲ್ಲಿ ಕಡಿದ 187 ಮೆಟ್ಟಿಲುಗಳಿವೆ, ‘ಅರಾಗಾನ್ ರಾಜನ ಮೆಟ್ಟಿಲು’ ಅಂತ ಹೆಸರು. 1420ರ ಮುತ್ತಿಗೆಯಲ್ಲಿ ಅರಾಗಾನ್ (ಈಗಿನ ಸ್ಪೇನ್‌ನಲ್ಲಿದ್ದ ರಾಜ್ಯ) ರಾಜನ ಸೈನಿಕರು ಒಂದೇ ರಾತ್ರಿಯಲ್ಲಿ ಕಡಿದರು ಅಂತ ಕಥೆ. ಆದರೆ ಕೆಳಗೊಂದು ಸಿಹಿನೀರಿನ ಸೆಲೆ ಇದೆ. ಅಲ್ಲಿಗೆ ಇಳಿಯೋಕೆ ಮೊದಲೇ ಮಾಡಿಕೊಂಡ ದಾರಿ ಅನ್ನೋದೇ ನಂಬುವಂತಿದೆ. ಕಡಿದವರು ಯಾರೋ, ಹೆಸರು ಮಾತ್ರ ರಾಜನದ್ದು. ಬೇಜಾರಾಗುತ್ತೆ, ಅಲ್ವಾ?

ಎದುರಿಗೆ ಇಟಲಿಯ ಸಾರ್ಡಿನಿಯಾ ದ್ವೀಪ ಕಾಣುತ್ತಿದೆ, ಸುಮಾರು 12 ಕಿ.ಮೀ. ಅಷ್ಟೇ. ಗಾಳಿ ತಗ್ಗಿದರೆ ನಾಳೆ ಅಲ್ಲಿಗೆ ಹೊರಡುತ್ತೇವೆ.