ಹತ್ತೊಂಬತ್ತನೆಯ ಸಾಲು

ಆ ದಿನ ಟ್ರ್ಯಾಕ್ಟರಿನ ಪರದೆಯ ಮೇಲೆ ‘ಫಿಕ್ಸ್’ ಎಂಬ ಹಸಿರು ಅಕ್ಷರ ಬೆಳಗ್ಗೆಯಿಂದ ಸಂಜೆಯವರೆಗೆ ಒಂದು ಕ್ಷಣವೂ ಕದಲಲಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಆಮೇಲೆ ಬಂದವರೆಲ್ಲ ಕೇಳಿದ ಮೊದಲ ಪ್ರಶ್ನೆ ‘ಉಪಗ್ರಹದ ಸಿಗ್ನಲ್ ಹೋಗಿತ್ತೇ?’ ಎಂಬುದು. ಹೋಗಿರಲಿಲ್ಲ. ಹೋಗಿದ್ದರೆ ನನ್ನ ಮಾನ ಉಳಿಯುತ್ತಿತ್ತು.

ಕೆಲಸ ದೊಡ್ಡದೇನಲ್ಲ. 30 ಸಾಲು, ಸಾಲಿಗೆ 40 ಸಸಿ. ಸಾಲಿನಿಂದ ಸಾಲಿಗೆ 4 ಮೀಟರ್, ಸಸಿಯಿಂದ ಸಸಿಗೆ 3 ಮೀಟರ್. ಹಿಂದಿನ ನಾಟಿ ಯಂತ್ರದಲ್ಲಿ ನೆಲಕ್ಕೆ ತಾಗಿ ಉರುಳುವ ಚಕ್ರವೇ ಅಂತರ ಅಳೆದು ಗಂಟೆ ಬಾರಿಸುತ್ತಿತ್ತು. ಚಕ್ರ ಉರುಳದೆ ಜಾರಿದರೆ ಗಂಟೆ ತಡವಾಗುತ್ತಿತ್ತು. ಒಂದು ಸಸಿಗೆ 3 ಸೆಂಟಿಮೀಟರ್ ಎಂದರೂ ಸಾಲಿನ ಕೊನೆಗೆ ಒಂದು ಮೀಟರ್ ದಾಟುವ ತಪ್ಪು. ಆ ತಲೆನೋವು ಬೇಡವೆಂದೇ, ಉಪಗ್ರಹದ ಸಿಗ್ನಲ್‌ನಿಂದ ಟ್ರ್ಯಾಕ್ಟರಿನ ಜಾಗವನ್ನು ಸೆಂಟಿಮೀಟರ್ ಲೆಕ್ಕದಲ್ಲಿ ಹೇಳುವ ಆರ್‌ಟಿಕೆ ತಂದರು. ತಾನೇ ಸ್ಟೀರಿಂಗ್ ತಿರುಗಿಸುವ ಆಟೋಸ್ಟಿಯರ್ ಗೆರೆ ಹಿಡಿಯುತ್ತದೆ, ಬಿಂದು ಬಂದಾಗ ಬೀಪ್ ಎನ್ನುತ್ತದೆ, ಹಿಂದಿನ ಸೀಟಿನಲ್ಲಿ ಕುಳಿತವನು ಸಸಿ ಇಳಿಸುತ್ತಾನೆ. ಗಂಟೆಗೆ 3 ಕಿಲೋಮೀಟರ್ ವೇಗದಲ್ಲಿ ಹೆಚ್ಚುಕಡಿಮೆ ಮೂರೂವರೆ ಸೆಕೆಂಡಿಗೊಂದು ಬೀಪ್. ಯಂತ್ರ ತಂದವರು ಅದನ್ನು ಕಲಿಸಲು ಒಂದು ದಿನ ಕೊಡಲಿಲ್ಲ. ಪುಸ್ತಕ ಕೊಟ್ಟರು.

ಮೊದಲ ದಿನ 18 ಸಾಲು ಮುಗಿಯಿತು. ಬೇಸ್ ಎಂದರೆ ಮುಕ್ಕಾಲಿಯ ಮೇಲೆ ಒಂದೇ ಕಡೆ ನಿಂತು ಟ್ರ್ಯಾಕ್ಟರಿಗೆ ತಿದ್ದುಪಡಿ ಕಳಿಸುವ ರಿಸೀವರ್. ಸಂಜೆ ಅದನ್ನು ಬಿಚ್ಚಿ ಉಗ್ರಾಣಕ್ಕೆ ಒಯ್ಯಬೇಕೆಂಬುದು ಮೇಲಿನವರ ಕಟ್ಟಪ್ಪಣೆ. ಕಳುವಾದರೆ ಯಾರು ಹೊಣೆ? ಒಂದು ಕಂಬ ನೆಟ್ಟು ಖಾಯಂ ಆಗಿ ಕೂರಿಸೋಣ ಎಂದು ಎರಡು ಬಾರಿ ಕೇಳಿದ್ದೆ, ‘ನೋಡೋಣ’ ಎಂದಿದ್ದರು. ಮರುದಿನ ಮುಕ್ಕಾಲಿಯನ್ನು ಅದೇ ಗುರುತಿನ ಮೇಲೆ, ಅದೇ ಎತ್ತರಕ್ಕೆ, ಬಹಳ ಶ್ರದ್ಧೆಯಿಂದ ನಿಲ್ಲಿಸಿದೆ. ಪರದೆಯಲ್ಲಿ ಎರಡು ಆಯ್ಕೆ: ಹೊಸ ಬಿಂದು, ಉಳಿಸಿದ ಬಿಂದು. ಹೊಸದು ಮೇಲಿತ್ತು. ಒತ್ತಿದೆ. ಐದು ನಿಮಿಷ ಸರಾಸರಿ ಲೆಕ್ಕ ಹಾಕಿ ಹಸಿರಾಯಿತು.

ಹತ್ತೊಂಬತ್ತನೆಯ ಸಾಲಿನ ತಲೆಗೆ ಬಂದು ನಿಂತಾಗಲೇ ಕಣ್ಣಿಗೆ ಏನೋ ಚುಚ್ಚಿತು. ಪಕ್ಕದ ಸಾಲು ತೀರಾ ಹತ್ತಿರವಿತ್ತು. ಇಳಿದು ಟೇಪ್ ಹಿಡಿದೆ: 3.4 ಮೀಟರ್. ಆ ಟೇಪನ್ನು ಕೈಯಲ್ಲಿ ಹಿಡಿದು ನಿಂತ ಎರಡು ನಿಮಿಷ ಈಗಲೂ ನೆನಪಾಗುತ್ತದೆ. ಎಂಜಿನ್ ಓಡುತ್ತಿತ್ತು, ಟ್ರೇಗಳಲ್ಲಿ ಸಸಿಗಳು ಬಿಸಿಲಿಗೆ ಬಾಡತೊಡಗಿದ್ದವು. ರಾತ್ರೋರಾತ್ರಿ 60 ಸೆಂಟಿಮೀಟರ್ ಎಲ್ಲಿಂದ ಬಂತು ಎಂದು ಕೇಳಿಕೊಳ್ಳಬೇಕಾದ ಹೊತ್ತು ಅದು. ನಾನು ಕೇಳಿಕೊಂಡದ್ದು ಅದನ್ನು ಹೇಗೆ ಮಾಯ ಮಾಡುವುದು ಎಂದು. ನಡ್ಜ್ ಗುಂಡಿ ಒಮ್ಮೆ ಒತ್ತಿದರೆ ಗೆರೆ 5 ಸೆಂಟಿಮೀಟರ್ ಪಕ್ಕಕ್ಕೆ ಸರಿಯುತ್ತದೆ. ಹನ್ನೆರಡು ಸಲ ಒತ್ತಿದೆ. ಮತ್ತೆ ಟೇಪ್ ಹಿಡಿದರೆ ಸರಿಯಾಗಿ 4 ಮೀಟರ್. ನನ್ನ ಜಾಣತನಕ್ಕೆ ನಾನೇ ತಲೆದೂಗಿದೆ.

ಅರ್ಧ ಸಾಲು ಸಾಗಿರಬೇಕು, ಹಿಂದಿನಿಂದ ಹುಡುಗ ಕೂಗಿದ: “ಅಣ್ಣ, ಪಕ್ಕದ ಸಾಲಿನ ಸಸಿ ನನ್ನ ನೇರಕ್ಕೆ ಬರುತ್ತಿಲ್ಲ. ಮುಂದೆ ಹೋಗಿದೆ.”

“ನಿನ್ನ ಸೀಟು ಆಂಟೆನಾಕ್ಕಿಂತ ಹಿಂದಿದೆ, ಹಾಗೇ ಕಾಣುತ್ತದೆ,” ಎಂದೆ.

ಹಿಂದಿನ ದಿನವೂ ಅವನು ಕುಳಿತದ್ದು ಅದೇ ಸೀಟಿನಲ್ಲಿ. ಅವನು ಅದನ್ನು ಹೇಳಲಿಲ್ಲ, ನನಗೆ ಹೊಳೆಯಲೂ ಇಲ್ಲ. ಇಪ್ಪತ್ತನೆಯ ಸಾಲಿಗೆ ತಿರುಗಿದಾಗ ಪಕ್ಕದ ಸಸಿ ಪ್ರತಿ ಬೀಪ್‌ಗೂ ಸರಿಯಾಗಿ ಅವನ ನೇರಕ್ಕೆ ಬಂತು. “ನೋಡಿದೆಯಾ?” ಎಂದೆ. ಹೊಂದಲೇಬೇಕಲ್ಲ, ಹತ್ತೊಂಬತ್ತೂ ಇಪ್ಪತ್ತೂ ಒಂದೇ ತಪ್ಪಿನ ಅಣ್ಣತಮ್ಮಂದಿರು.

ಸಂಜೆ ಹೊಲದ ಪಕ್ಕದ ಬದುವಿನ ಮೇಲೆ ನೀರು ಕುಡಿಯುತ್ತ ನಿಂತಿದ್ದೆ. ಸಾಲಿನ ತಲೆಯಿಂದ ನೋಡಿದರೆ ಮೂವತ್ತೂ ಸಾಲು ನೂಲು ಹಿಡಿದಂತೆ ನೇರ. ಬದುವಿನಿಂದ ನೋಡಿದಾಗ ಕಂಡದ್ದು ಅಡ್ಡಸಾಲು. ಹದಿನೆಂಟರವರೆಗೆ ಒಂದೇ ಗೆರೆ, ಅಲ್ಲಿ ಒಂದು ಮೆಟ್ಟಿಲು, ಮತ್ತೆ ಒಂದೇ ಗೆರೆ. ಮೊದಲು ಒಂದು ಅಡ್ಡಸಾಲು ನೋಡಿದೆ, ಆಮೇಲೆ ಅದರ ಪಕ್ಕದ್ದು, ಆಮೇಲೆ ನಡೆಯುತ್ತ ನಲವತ್ತನ್ನೂ. ನಲವತ್ತರಲ್ಲೂ ಮೆಟ್ಟಿಲು. ಅಳೆದರೆ 1.1 ಮೀಟರ್. ತ್ರಿಕೋನ ಪದ್ಧತಿಯ ನಾಟಿ ಎಂದು ಹೇಳಿ ಜಾರಿಕೊಳ್ಳುವ ಯೋಚನೆಯೂ ಬಂತು, ಸುಳ್ಳೇಕೆ. ಆದರೆ ಅದಕ್ಕೆ ಒಂದು ಬಿಟ್ಟು ಒಂದು ಸಾಲು ಒಂದೂವರೆ ಮೀಟರ್ ಸರಿದಿರಬೇಕು. ನಮ್ಮದು ಸರಿದದ್ದು ಒಂದೇ ಕಡೆ, ಅದೂ ಅದರ ಮುಕ್ಕಾಲು ಪಾಲಷ್ಟೇ.

ಆದದ್ದು ಇಷ್ಟೆ. ‘ಫಿಕ್ಸ್’ ಎಂದರೆ ಬೇಸ್‌ನಿಂದ ಟ್ರ್ಯಾಕ್ಟರ್ ಎಷ್ಟು ದೂರದಲ್ಲಿದೆ ಎಂಬುದು ಎರಡು ಸೆಂಟಿಮೀಟರ್ ಆಸುಪಾಸಿನಲ್ಲಿ ಗೊತ್ತಿದೆ ಎಂದರ್ಥ. ಬೇಸ್ ತಾನೆಲ್ಲಿ ನಿಂತಿದ್ದೇನೆಂದು ತಿಳಿದುಕೊಂಡಿದೆಯೋ ಅದರ ಮೇಲೆ ಉಳಿದದ್ದೆಲ್ಲ ನಿಂತಿದೆ. ‘ಹೊಸ ಬಿಂದು’ ಒತ್ತಿದಾಗ ಅದು ಸಾಮಾನ್ಯ ಮೊಬೈಲ್‌ನಂತೆ ತನ್ನ ಜಾಗವನ್ನು ಹೊಸದಾಗಿ ಅಂದಾಜು ಮಾಡಿತು. ಆ ಅಂದಾಜು ಒಂದೆರಡು ಮೀಟರ್ ಆಚೀಚೆಯಾಗುವುದು ಸಹಜ. ಇಡೀ ಹೊಲದ ನಕ್ಷೆಯೇ ಓರೆಯಾಗಿ ಜರುಗಿತ್ತು. ಪಕ್ಕಕ್ಕೆ ಜರುಗಿದ್ದನ್ನು ನಾನು ನಡ್ಜ್ ಒತ್ತಿ ಮುಚ್ಚಿದೆ. ಉದ್ದಕ್ಕೆ ಜರುಗಿದ್ದನ್ನು ನಡ್ಜ್ ಮುಟ್ಟುವುದೇ ಇಲ್ಲ. ಹಾಗೇ ಬಿಟ್ಟಿದ್ದರೆ ಕಣ್ಣಿಗೆ ಹೊಡೆಯುವಂತಿದ್ದ ತಪ್ಪಿನ ಅರ್ಧವನ್ನು ನಾನೇ ಅಳಿಸಿ, ಉಳಿದರ್ಧಕ್ಕೆ ಮರೆ ಕಟ್ಟಿಕೊಟ್ಟೆ. ಎರಡು ಗೂಟ, ಒಂದು ಹಗ್ಗ ಅಡ್ಡಲಾಗಿ ಎಳೆದಿದ್ದರೆ ಹತ್ತೊಂಬತ್ತನೆಯ ಸಾಲಿನ ಮೊದಲ ಸಸಿಗೇ ಗೊತ್ತಾಗುತ್ತಿತ್ತು. ಹಗ್ಗ ಟ್ರ್ಯಾಕ್ಟರಿನ ಪೆಟ್ಟಿಗೆಯಲ್ಲೇ ಇತ್ತು.

ಮ್ಯಾನೇಜರ್‌ಗೆ ಹೇಳಿದೆ. ಹನ್ನೆರಡು ಸಾಲಿನ 480 ಸಸಿ ಕಿತ್ತು ಮತ್ತೆ ನೆಡಲು ಎಷ್ಟು ಆಳು ಬೇಕೆಂದು ಲೆಕ್ಕ ಹಾಕಿದರು, ಬದುವಿನ ಮೇಲೆ ನಿಂತು ಸ್ವಲ್ಪ ಹೊತ್ತು ನೋಡಿದರು, “ಇಲ್ಲಿಂದ ಯಾರು ನೋಡುತ್ತಾರೆ, ಬಿಡಿ,” ಎಂದರು. ಬೈದಿದ್ದರೆ ಚೆನ್ನಾಗಿತ್ತು. ಬೇಸ್‌ಗೆ ಕಂಬ ಇನ್ನೂ ಬಂದಿಲ್ಲ. ಮುಕ್ಕಾಲಿಯ ಪೆಟ್ಟಿಗೆಯ ಮುಚ್ಚಳದ ಒಳಗೆ ನಾನೇ ಬಣ್ಣದಲ್ಲಿ ‘ಉಳಿಸಿದ ಬಿಂದು’ ಎಂದು ಬರೆದಿದ್ದೇನೆ. ಬೆಳಗ್ಗೆ ಕೆಲಸಕ್ಕೆ ಇಳಿಯುವ ಮೊದಲು ಹಿಂದಿನ ದಿನದ ಒಂದು ಗೂಟದ ಮೇಲೆ ಆಂಟೆನಾ ತಂದು ನಿಲ್ಲಿಸಿ ಅಂಕಿ ಹೋಲಿಸುತ್ತೇನೆ. ನಾಲ್ಕು ನಿಮಿಷದ ಕೆಲಸ.

ಈಗ ಆ ಹೊಲದಲ್ಲಿ ಕಳೆ ತೆಗೆಯಲು ಅಡ್ಡ ಕುಂಟೆ ಹೊಡೆಯುವವನೂ ನಾನೇ. ಒಟ್ಟು 39 ಸಂದು. ಪ್ರತಿ ಸಂದಿನಲ್ಲೂ ಹದಿನೆಂಟನೆಯ ಮರ ದಾಟುತ್ತಲೇ ಕುಂಟೆ ಎತ್ತಬೇಕು, ಸ್ಟೀರಿಂಗ್ ಎಡಕ್ಕೆ ತಿರುಗಿಸಬೇಕು, ನೇರ ಮಾಡಿ ಮತ್ತೆ ಇಳಿಸಬೇಕು. ಎತ್ತಿದಷ್ಟು ಜಾಗದಲ್ಲಿ ಕಳೆ ಹಾಗೇ ನಿಲ್ಲುತ್ತದೆ, ಹೊಲದ ನಡುವೆ ಉದ್ದಕ್ಕೆ ಹಸಿರು ಪಟ್ಟಿಯಾಗಿ. ಅದನ್ನು ಕೈಯಲ್ಲಿ ಕೀಳುವುದು ಆ ಹುಡುಗನ ಪಾಲಿಗೆ ಬಂದಿದೆ. ಅವನು ಏನೂ ಅನ್ನುವುದಿಲ್ಲ, ಕುಡುಗೋಲು ತೆಗೆದುಕೊಂಡು ಹೋಗುವಾಗ ಒಮ್ಮೆ ನನ್ನ ಕಡೆ ನೋಡುತ್ತಾನೆ.